ಮಗುವಿನ ಮನಸ್ಸನ್ನು ಅಳೆದವರು, ಆಲಿಸಿದವರು

ಮನೋವಿಜ್ಞಾನದ ಸ್ನಾತಕೋತ್ತರ ಪಠ್ಯಕ್ರಮವನ್ನು ತೆರೆದು ನೋಡಿದರೆ ಅದರಲ್ಲಿ ಬಾಲ್ಯ ಮತ್ತು ಹದಿಹರೆಯದ ಮಾನಸಿಕ ಅಸ್ವಸ್ಥತೆಗಳ ಕುರಿತು ಒಂದು ಪತ್ರಿಕೆಯೋ, ಕಡೇಪಕ್ಷ ಒಂದು ಘಟಕವೋ ಇದ್ದೇ ಇರುತ್ತದೆ. ಬುದ್ಧಿಬೆಳವಣಿಗೆಯ ಕೊರತೆ, ಆಟಿಸಂ, ಗಮನದ ಕೊರತೆ ಮತ್ತು ಅತಿಚಟುವಟಿಕೆ, ಓದುಬರಹದ ತೊಡಕು, ನಡತೆಯ ದೋಷ, ಮಕ್ಕಳ ಆತಂಕ ಮತ್ತು ಖಿನ್ನತೆ ಅದರ ಅಧ್ಯಾಯಗಳು. ಪರೀಕ್ಷೆಗೆ ಓದುವ ವಿದ್ಯಾರ್ಥಿ ಲಕ್ಷಣಗಳನ್ನು ಬಾಯಿಪಾಠ ಮಾಡುತ್ತಾನೆ, ಪಾಶ್ಚಾತ್ಯ ಹೆಸರುಗಳನ್ನು ಕ್ರಮವಾಗಿ ಒಪ್ಪಿಸುತ್ತಾನೆ. ಈ ವಿದ್ಯೆ ನಮ್ಮ ನಾಡಿಗೆ ಯಾವ ದಾರಿಯಲ್ಲಿ ಬಂತು, ಯಾರ ಕೈಯಲ್ಲಿ ಯಾವ ರೂಪ ತಾಳಿತು ಎಂಬ ಪ್ರಶ್ನೆ ಮಾತ್ರ ಆ ಅಧ್ಯಾಯಗಳಲ್ಲಿ ಅಪರೂಪ. ನಾವು ಸಾಹಿತ್ಯವನ್ನು ಓದಿಕೊಂಡವರು, ಮನೋವಿಜ್ಞಾನಿಗಳಲ್ಲ. ಆದರೂ ಈ ಪ್ರಶ್ನೆ ನಮ್ಮನ್ನು ಹಿಡಿದು ನಿಲ್ಲಿಸಿದ್ದಕ್ಕೆ ಕಾರಣವಿದೆ. ಆ ದಾರಿ ಧಾರವಾಡದ ಮೂಲಕ, ಮುಂಬಯಿಯ ನಾಗಪಾಡಾದ ಮೂಲಕ, ನಾವು ವಾಸಿಸುವ ಈ ಅಂಧೇರಿಯ ಮೂಲಕ, ಮೈಸೂರು ಬೆಂಗಳೂರುಗಳ ಮೂಲಕ ಹಾದುಹೋಗಿದೆ. ಅದರ ಉದ್ದಕ್ಕೂ ಕನ್ನಡ ನುಡಿಯುವ ಮಗುವೊಂದು ಕುಳಿತಿದೆ.

ಮೊದಲು ಹೊರಗಿನ ಸಂಗತಿಗಳನ್ನು ಸ್ವಲ್ಪ ನೆನೆಯೋಣ. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಎಂಬವರ ಬಳಿಗೆ ಶಾಲಾಶಿಕ್ಷಕಿಯೊಬ್ಬರು ಕಾಗುಣಿತವೇ ಹತ್ತದ ಹುಡುಗನೊಬ್ಬನನ್ನು ಕರೆತಂದರು. ಮನೋವಿಜ್ಞಾನದ ಮೊದಲ ಚಿಕಿತ್ಸಾಲಯ ಆರಂಭವಾದದ್ದು ಹೀಗೆ. ಎಂದರೆ ಚಿಕಿತ್ಸಾ ಮನೋವಿಜ್ಞಾನ ಎಂಬ ಶಾಖೆಯೇ ಮಗುವಿನಿಂದ, ಶಾಲೆಯಿಂದ, ಅಕ್ಷರದ ತೊಡಕಿನಿಂದ ಹುಟ್ಟಿತು. 1905ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಬಿನೇ ಮತ್ತು ಥಿಯೋಡರ್ ಸೀಮೋನ್ ಮಕ್ಕಳ ಬುದ್ಧಿಯನ್ನು ಅಳೆಯುವ ಪ್ರಶ್ನಾವಳಿಯನ್ನು ರಚಿಸಿದರು. ತರಗತಿಯಲ್ಲಿ ಹಿಂದುಳಿಯುವ ಮಕ್ಕಳಿಗೆ ಬೇರೆ ನೆರವು ಬೇಕೇ ಎಂದು ತಿಳಿಯುವುದಷ್ಟೇ ಬಿನೇಯ ಉದ್ದೇಶ. ಬುದ್ಧಿ ಎಂಬುದು ಹುಟ್ಟಿನಿಂದ ಸಾವಿನವರೆಗೆ ಬದಲಾಗದ ಮೊತ್ತ ಎಂಬ ಮಾತನ್ನು ಅವರು ಒಪ್ಪಿರಲಿಲ್ಲ. ಮುಂದೆ 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ಸ್ಟ್ಯಾನ್‌ಫರ್ಡ್ ಪರಿಷ್ಕರಣವಾಗಿ ಹೊರತಂದಾಗ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುವ ಬುದ್ಧಿಲಬ್ಧದ ಲೆಕ್ಕ ಮನೆಮಾತಾಯಿತು. ಈ ನಡುವೆ 1909ರಲ್ಲಿ ಷಿಕಾಗೋದಲ್ಲಿ ವಿಲಿಯಂ ಹೀಲಿ ಬಾಲನ್ಯಾಯಾಲಯಕ್ಕೆ ಬಂದ ಮಕ್ಕಳನ್ನು ಶಿಕ್ಷೆಗೆ ಮುಂಚೆ ಅರಿಯಬೇಕೆಂದು ಸಂಸ್ಥೆಯೊಂದನ್ನು ತೆರೆದರು. ಹೀಗೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಎರಡು ದಾರಿಗಳು ಒಡೆದವು. ಒಂದು ಮಗುವನ್ನು ಅಳೆಯುವ ದಾರಿ, ಇನ್ನೊಂದು ಮಗುವಿನ ಕತೆಯನ್ನು ಕೇಳುವ ದಾರಿ. ನಮ್ಮ ನಾಡಿಗೆ ಎರಡೂ ಬಂದವು, ಬೇರೆ ಬೇರೆ ಊರುಗಳಲ್ಲಿ ಇಳಿದವು.

ಅಳೆಯುವ ದಾರಿ ಧಾರವಾಡದಲ್ಲಿ ಇಳಿಯಿತು. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಊರು. ಕನ್ನಡ ಮರಾಠಿಗಳೆರಡೂ ಶಾಲೆಯ ಅಂಗಳದಲ್ಲಿ ಓಡಾಡುತ್ತಿದ್ದ ಕಾಲವದು. ವಿ. ವಿ. ಕಾಮತ್ ಅವರು ಸ್ಟ್ಯಾನ್‌ಫರ್ಡ್ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ, ಆ ಕುರಿತ ಪ್ರಬಂಧವನ್ನು 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ನಿಯತಕಾಲಿಕದಲ್ಲಿ ಪ್ರಕಟಿಸಿದರು. 1940ರಲ್ಲಿ ಅವರ ಇಂಗ್ಲಿಷ್ ಗ್ರಂಥ ಬಂತು, ಭಾರತೀಯ ಮಕ್ಕಳ ಬುದ್ಧಿಮಾಪನವೇ ಅದರ ವಿಷಯ. ಇಂದಿಗೂ ದೇಶದ ಆಸ್ಪತ್ರೆಗಳಲ್ಲಿ ಬಿನೇ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ನಡೆಯುವುದು ಇದೇ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಇದನ್ನು ಕೈಯಾರೆ ನಡೆಸಿ ಕಲಿಯುತ್ತಾರೆ. ಮೂರು ವರ್ಷದ ಮಗುವಿನಿಂದ ಮೊದಲ್ಗೊಂಡು ವಯಸ್ಸಿಗೆ ತಕ್ಕಂತೆ ಪ್ರಶ್ನೆಗಳು ಏರುತ್ತವೆ. ಮಗು ಎಲ್ಲವನ್ನೂ ಉತ್ತರಿಸಿದ ಮೆಟ್ಟಿಲು ಬುಡ, ಒಂದನ್ನೂ ಉತ್ತರಿಸಲಾಗದ ಮೆಟ್ಟಿಲು ತುದಿ. ನಡುವಿನ ಉತ್ತರಗಳನ್ನು ಕೂಡಿಸಿದರೆ ಮಾನಸಿಕ ವಯಸ್ಸು.

ಕಾಮತರ ಕೆಲಸವನ್ನು ಅನುವಾದವೆಂದು ಕರೆದರೆ ಕಡಿಮೆಯಾದೀತು. ಟರ್ಮನ್ನರ ಪರೀಕ್ಷೆಯಲ್ಲಿ ಆರು ವರ್ಷದ ಮಗುವಿಗೆ ಅಮೆರಿಕದ ನಾಣ್ಯಗಳನ್ನು ತೋರಿಸಿ ಹೆಸರು ಕೇಳುತ್ತಿದ್ದರು. ಧಾರವಾಡದ ಮಗುವಿಗೆ ಡೈಮ್ ನಿಕಲ್‌ಗಳ ಹೆಸರು ಹೇಗೆ ಗೊತ್ತಾಗಬೇಕು? ನಾಣ್ಯವನ್ನು ಬದಲಿಸಿದರಷ್ಟೇ ಸಾಲದು. ನಮ್ಮ ಮಗುವಿನ ಕೈಗೆ ನಾಣ್ಯ ಯಾವ ವಯಸ್ಸಿನಲ್ಲಿ ಸಿಗುತ್ತದೆ ಎಂಬುದನ್ನೂ ತಿಳಿಯಬೇಕು. ಆದ್ದರಿಂದ ಪ್ರತಿ ಪ್ರಶ್ನೆಯನ್ನೂ ಮಕ್ಕಳ ಮುಂದೆ ಇಟ್ಟು, ಯಾವ ವಯಸ್ಸಿನವರು ಉತ್ತರಿಸುತ್ತಾರೆಂದು ಹೊಸದಾಗಿ ಎಣಿಸಬೇಕಾಯಿತು.

ಇನ್ನೊಂದು ಸೂಕ್ಷ್ಮವನ್ನು ನೋಡೋಣ. ಅಂಕಿಗಳನ್ನು ಒಂದಾದ ಮೇಲೊಂದು ಹೇಳಿ, ಮಗುವಿನಿಂದ ಅದೇ ಕ್ರಮದಲ್ಲಿ ಮರಳಿ ಹೇಳಿಸುವುದು ಇಂಥ ಪರೀಕ್ಷೆಗಳಲ್ಲಿ ಹಳೆಯ ಪದ್ಧತಿ. ಸ್ಮೃತಿಯನ್ನು ಅಳೆಯಲು ಇದಕ್ಕಿಂತ ನಿಷ್ಪಕ್ಷವಾದದ್ದು ಇಲ್ಲವೆಂದು ತೋರುತ್ತದೆ. ಆದರೆ ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗಿನ ಹೆಸರುಗಳಲ್ಲಿ ಏಳನ್ನು ಬಿಟ್ಟರೆ ಉಳಿದವೆಲ್ಲ ಒಂದೇ ಉಸಿರಿನ ಏಕಾಕ್ಷರಗಳು. ಮರಾಠಿಯ ಏಕ್, ದೋನ್, ತೀನ್, ಚಾರ್ ಕೂಡ ಹಾಗೆಯೇ ಚುಟುಕು. ಕನ್ನಡದಲ್ಲಿ ಎರಡಕ್ಷರಕ್ಕಿಂತ ಕಡಿಮೆಯ ಅಂಕಿಯೇ ಇಲ್ಲ, ಎರಡು ಮತ್ತು ಒಂಬತ್ತು ಮೂರಕ್ಷರದವು. ಉಚ್ಚರಿಸಲು ಹೆಚ್ಚು ಹೊತ್ತು ಹಿಡಿಯುವ ಪದಗಳು ಅಲ್ಪಕಾಲದ ನೆನಪಿನಲ್ಲಿ ಕಡಿಮೆ ಸಂಖ್ಯೆಯಲ್ಲಿ ನಿಲ್ಲುತ್ತವೆ ಎಂಬುದನ್ನು 1970ರ ದಶಕದ ಪ್ರಯೋಗಗಳು ತೋರಿಸಿಕೊಟ್ಟವು. ವೆಲ್ಷ್ ಭಾಷೆಯ ಅಂಕಿಗಳು ಇಂಗ್ಲಿಷಿನವಕ್ಕಿಂತ ದೀರ್ಘವಾದ್ದರಿಂದ ಅಲ್ಲಿನ ಮಕ್ಕಳ ಅಂಕ ಕಡಿಮೆ ಬೀಳುತ್ತದೆಯೇ ಎಂಬ ಚರ್ಚೆಯೂ ಆಮೇಲೆ ನಡೆಯಿತು. ಹೀಗಿರುವಾಗ ಐದು ಅಂಕಿಗಳನ್ನು ಮರಳಿ ಹೇಳಿದ ಕನ್ನಡದ ಮಗುವೂ ಐದನ್ನೇ ಹೇಳಿದ ಮರಾಠಿಯ ಮಗುವೂ ಒಂದೇ ಭಾರ ಹೊತ್ತವೆನ್ನಲು ಬರುವುದಿಲ್ಲ. ಭಾಷೆಯನ್ನು ಕಳಚಿಟ್ಟು ಬುದ್ಧಿಯೊಂದನ್ನೇ ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ. ಎರಡು ಭಾಷೆಗಳ ಮಕ್ಕಳಿಗಾಗಿ ಕಾಮತರು ಪಟ್ಟ ಶ್ರಮದ ಬೆಲೆ ನಮಗೆ ತಿಳಿಯುವುದು ಇಂಥಲ್ಲಿ.

ಆಲಿಸುವ ದಾರಿ ಮುಂಬಯಿಗೆ ಬಂತು. ಈ ನಗರ ಮಕ್ಕಳ ಕುರಿತು ಮೊದಲು ಯೋಚಿಸಿದ್ದು ಕಾನೂನಿನ ಭಾಷೆಯಲ್ಲಿ. 1857ರಷ್ಟು ಹಿಂದೆಯೇ ಡೇವಿಡ್ ಸಸೂನ್ ಹೆಸರಿನ ಸುಧಾರಣಾಲಯ ಇಲ್ಲಿತ್ತು. 1924ರಲ್ಲಿ ಮುಂಬಯಿ ಮಕ್ಕಳ ಕಾಯಿದೆ ಬಂತು. 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಸ್ಥಾಪನೆಯಾಯಿತು. ಬೀದಿಯಲ್ಲಿ ಸಿಕ್ಕ ಮಗು, ಕಳ್ಳತನದಲ್ಲಿ ಸಿಕ್ಕ ಮಗು, ಮನೆ ಬಿಟ್ಟು ಓಡಿಬಂದ ಮಗು ನ್ಯಾಯಾಲಯದ ಎದುರು ನಿಲ್ಲುತ್ತಿದ್ದವು. ಇವರೇಕೆ ಹೀಗೆ ಎಂದು ಕೇಳುವ ವಿದ್ಯೆ ಬಂದದ್ದು ಇದರ ಬಳಿಕ. ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಎಂಬ ಅಮೆರಿಕದ ಪಾದ್ರಿ ಕಾರ್ಮಿಕರು ಕಿಕ್ಕಿರಿದ ನಾಗಪಾಡಾದಲ್ಲಿ ನೆರೆಹೊರೆಯ ಸೇವಾಕೇಂದ್ರವೊಂದನ್ನು ನಡೆಸುತ್ತಿದ್ದರು. 1936ರಲ್ಲಿ ಅಲ್ಲಿಯೇ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಪದವೀಧರ ಶಾಲೆ ಆರಂಭವಾಯಿತು. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಮೂಲರೂಪವಿದು. ಮರುವರ್ಷ, 1937ರಲ್ಲಿ, ಈ ಶಾಲೆ ಚೈಲ್ಡ್ ಗೈಡೆನ್ಸ್ ಕ್ಲಿನಿಕ್ ತೆರೆಯಿತು. ಭಾರತದ ಮೊಟ್ಟಮೊದಲ ಶಿಶು ಮಾರ್ಗದರ್ಶನ ಚಿಕಿತ್ಸಾಲಯವೆಂದು ಇತಿಹಾಸಕಾರರು ಗುರುತಿಸುವುದು ಇದನ್ನೇ. 1938ರಲ್ಲಿ ಡಾ. ಕೆ. ಆರ್. ಮಸಾನಿ ಅವರು ಜೆ. ಜೆ. ಆಸ್ಪತ್ರೆಯಲ್ಲಿ ಮನೋರೋಗಿಗಳಿಗಾಗಿ ಹೊರರೋಗಿ ವಿಭಾಗವನ್ನು ತೆರೆದರು. ಹುಚ್ಚಾಸ್ಪತ್ರೆಯ ಎತ್ತರದ ಗೋಡೆ ದಾಟದೆಯೂ ಮನಸ್ಸಿನ ಚಿಕಿತ್ಸೆ ಪಡೆಯಬಹುದೆಂಬ ನಂಬಿಕೆ ನಗರದ ಸಾಮಾನ್ಯರಲ್ಲಿ ಮೂಡಲು ಇಂಥ ಬಾಗಿಲುಗಳು ಬೇಕಿದ್ದವು.

ಶಿಶು ಮಾರ್ಗದರ್ಶನದ ವಿಶೇಷ ಅದರ ಕೂಟದಲ್ಲಿದೆ. ವೈದ್ಯರು ಮಗುವಿನ ದೇಹ ಮತ್ತು ಮನಸ್ಸನ್ನು ನೋಡುತ್ತಾರೆ. ಮನೋವಿಜ್ಞಾನಿ ಪರೀಕ್ಷೆ ನಡೆಸುತ್ತಾರೆ. ಸಮಾಜ ಕಾರ್ಯಕರ್ತೆ ಮಗುವಿನ ಮನೆಗೆ ಹೋಗುತ್ತಾಳೆ. ಮೂವರೂ ಒಂದೆಡೆ ಕುಳಿತು ತಾವು ಕಂಡದ್ದನ್ನು ಹೇಳಿಕೊಂಡ ಬಳಿಕವೇ ಮಗುವಿನ ಕುರಿತು ತೀರ್ಮಾನ. ಮನೆಗೆ ಹೋದವಳು ಹೊತ್ತು ತರುತ್ತಿದ್ದ ಸುದ್ದಿ ಪರೀಕ್ಷೆಯ ಅಂಕಕ್ಕಿಂತ ಎಷ್ಟೋ ಸಲ ಭಾರವಾಗಿರುತ್ತಿತ್ತೆಂದು ಊಹಿಸಲು ಕಷ್ಟವಿಲ್ಲ. ಹತ್ತು ಜನ ಮಲಗುವ ಒಂದೇ ಕೋಣೆ, ರಾತ್ರಿಪಾಳಿಯ ಗಿರಣಿಯ ತಂದೆ, ಹೊಸದಾಗಿ ಹುಟ್ಟಿದ ತಮ್ಮ, ಊರಿನಲ್ಲಿ ಬಿಟ್ಟುಬಂದ ಅಜ್ಜಿ: ಚಾಳಿನ ಮಗುವಿನ ಹಾಸಿಗೆ ಒದ್ದೆಯಾಗುವುದಕ್ಕೆ ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಈ ಬಗೆಯ ಸಮಾಜಕಾರ್ಯವನ್ನು ಶಾಸ್ತ್ರವಾಗಿ ಕಟ್ಟಿ, ದಶಕಗಳ ಕಾಲ ವಿದ್ಯಾರ್ಥಿಗಳಿಗೆ ಕಲಿಸಿದವರು ಇದೇ ಸಂಸ್ಥೆಯ ಗೌರೀರಾಣಿ ಬ್ಯಾನರ್ಜಿ. 1954ರಲ್ಲಿ ದೇವನಾರಿನ ಸ್ವಂತ ಆವರಣಕ್ಕೆ ಹೋಗುವ ಮುನ್ನ ಸಂಸ್ಥೆ ಕೆಲಕಾಲ ಅಂಧೇರಿಯಲ್ಲಿತ್ತು ಎಂಬುದು ಇಲ್ಲಿ ವಾಸಿಸುವ ನಮ್ಮಂಥವರಿಗೆ ಒಂದು ಸಣ್ಣ ಹೆಮ್ಮೆ. ಇದೇ ಕಾಲದಲ್ಲಿ, 1944ರಲ್ಲಿ, ಡೌನ್ ಸಿಂಡ್ರೋಮ್ ಇದ್ದ ತಮ್ಮ ಮಗಳಿಗೆ ಯಾವ ಶಾಲೆಯೂ ದೊರೆಯದೆ ಜೈ ವಕೀಲ್ ದಂಪತಿ ತಾವೇ ಶಾಲೆಯೊಂದನ್ನು ಆರಂಭಿಸಿದರು. ಅದು ಇಂದಿಗೂ ಶಿವಡಿಯಲ್ಲಿ ನಡೆಯುತ್ತಿದೆ.

ಅದೇ ನಗರದಲ್ಲಿ ನಮ್ಮ ಹುಡುಗರೂ ಇದ್ದರು. ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷಕ್ಕೇ ಹೊರಟು ಬಂದು, ಹೋಟೆಲುಗಳಲ್ಲಿ ಬಟ್ಟಲು ತೊಳೆದು, ಮೇಜು ಒರೆಸಿ, ಅಲ್ಲಿಯೇ ಬೆಂಚುಗಳ ಮೇಲೆ ಮಲಗಿ ಬೆಳೆದ ಹುಡುಗರು. ಊರಿನ ನೆನಪು, ಯಜಮಾನನ ಗದರಿಕೆ, ತಾಯಿಗೆ ಬರೆಯಲಾಗದ ಕಾಗದ, ಹದಿಹರೆಯದ ಒಂಟಿತನ ಇವನ್ನೆಲ್ಲ ಇಂದಿನ ಪಠ್ಯಕ್ರಮ ಹೊಂದಾಣಿಕೆಯ ತೊಡಕು, ವಿರಹದ ಆತಂಕ, ಖಿನ್ನತೆ ಎಂದೆಲ್ಲ ವಿಂಗಡಿಸುತ್ತದೆ. ಅಂದು ಅವಕ್ಕೆ ಹೆಸರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಅವರಿಗೆ ದೊರೆತದ್ದು ರಾತ್ರಿಶಾಲೆ. ಮೊಗವೀರ, ಬಿಲ್ಲವ ಮೊದಲಾದ ಸಮುದಾಯಗಳ ಸಂಘಗಳು ನಡೆಸಿದ ಕನ್ನಡ ರಾತ್ರಿಶಾಲೆಗಳು ಸಾವಿರಾರು ಹುಡುಗರಿಗೆ ಅಕ್ಷರ ಕೊಟ್ಟವು. ಅಲ್ಲಿನ ಮಾಸ್ತರರು ಹಗಲು ಬೇರೆಡೆ ದುಡಿದು ದಣಿದವರೇ. ಹುಡುಗನ ಹೆಸರು ಹಿಡಿದು ಅವನ ಭಾಷೆಯಲ್ಲಿ ಕರೆಯುವ ಒಬ್ಬ ಹಿರಿಯ, ಜೊತೆಗೆ ಕುಳಿತು ಓದುವ ಸಮವಯಸ್ಕರು, ನಾಳೆಯ ಕುರಿತು ಒಂದು ಆಸೆ: ಮಕ್ಕಳ ಮನಸ್ಸು ಮುರಿಯದಂತೆ ಕಾಯುವ ಸಂಗತಿಗಳೆಂದು ಇಂದಿನ ಶಾಸ್ತ್ರ ಪಟ್ಟಿ ಮಾಡುವುದು ಇವನ್ನೇ. ಹಾಗೆಂದು ರಾತ್ರಿಶಾಲೆಯನ್ನು ಚಿಕಿತ್ಸಾಲಯವೆಂದು ಹೊಗಳಿ ಕೈತೊಳೆದುಕೊಳ್ಳಬಾರದು. ಶಾಲೆಗೆ ಬಂದ ಹುಡುಗರ ಯಶಸ್ಸಿನ ಕತೆಗಳು ನಮಗೆ ದೊರೆಯುತ್ತವೆ, ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿವೆ. ಕುಸಿದುಹೋದ ಹುಡುಗರಿಗೆ ಸ್ಮರಣ ಸಂಚಿಕೆಯಿಲ್ಲ.

ಕನ್ನಡನಾಡಿನ ಕಡೆ ತಿರುಗಿದರೆ, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿಯೇ ಮನೋವಿಜ್ಞಾನದ ವಿಭಾಗ ಆರಂಭವಾಗಿತ್ತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಅವರನ್ನು ನಮ್ಮ ಜನ ನೆನೆಯುವುದು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದವರೆಂದು. ಆಕಾಶವಾಣಿಯ ಗೋಪಾಲಸ್ವಾಮಿಯವರೊಳಗೆ ಒಬ್ಬ ಮನೋವಿಜ್ಞಾನದ ಪ್ರಾಧ್ಯಾಪಕನಿದ್ದುದನ್ನು ಮರೆಯುವಂತಿಲ್ಲ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ದೇಶದಲ್ಲಿ ಮನೋವೈದ್ಯಕೀಯ ತರಬೇತಿಯ ತೀವ್ರ ಕೊರತೆಯನ್ನು ಎತ್ತಿ ತೋರಿಸಿತು. ಅದರ ಫಲವಾಗಿ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮುಖ್ಯಸ್ಥರು. 1955ರಲ್ಲಿ ಅಲ್ಲಿ ವೈದ್ಯರಿಗೆ ಮನೋವೈದ್ಯಕೀಯದ ಡಿಪ್ಲೊಮಾ ಮತ್ತು ಮನೋವಿಜ್ಞಾನದ ಸ್ನಾತಕೋತ್ತರರಿಗೆ ಪ್ರತ್ಯೇಕ ಡಿಪ್ಲೊಮಾ ತೊಡಗಿದವು. ಈ ಎರಡನೆಯದೇ ಮುಂದೆ ಎಂ.ಫಿಲ್. ಆಯಿತು. 1974ರಲ್ಲಿ ಸಂಸ್ಥೆ ಮತ್ತು ಮಾನಸಿಕ ಆಸ್ಪತ್ರೆ ಒಂದಾಗಿ ನಿಮ್ಹಾನ್ಸ್ ಆದವು. ವಿಶ್ವವಿದ್ಯಾಲಯದ ಎಂ.ಎ. ಮುಗಿಸಿದ ಮಾತ್ರಕ್ಕೆ ಚಿಕಿತ್ಸಾ ಮನೋವಿಜ್ಞಾನಿ ಎನಿಸಿಕೊಳ್ಳಲಾಗದು, ರೋಗಿಗಳ ನಡುವೆ ಮಾರ್ಗದರ್ಶಕರ ಕಣ್ಣೆದುರು ಕಲಿಯಬೇಕು ಎಂಬ ತತ್ತ್ವ ದೇಶದಲ್ಲಿ ಬೇರೂರಿದ್ದು ಇಲ್ಲಿಂದ.

ಮೈಸೂರಿನಲ್ಲಿ 1965ರಲ್ಲಿ ತಲೆಯೆತ್ತಿದ ವಾಕ್ ಶ್ರವಣ ಸಂಸ್ಥೆಯ ಕೊಡುಗೆ ಬೇರೆ ಬಗೆಯದು. ಮಾತು ಬಾರದ, ಕಿವಿ ಕೇಳದ ಮಗುವಿಗೆ ಮಾತಿನ ಪ್ರಶ್ನೆ ಕೇಳಿ ಬುದ್ಧಿಯಿಲ್ಲವೆಂದು ತೀರ್ಪು ಕೊಡುವುದು ಘೋರ ಅನ್ಯಾಯ. ಜೆ. ಭರತ್ ರಾಜ್ ಅವರು ಹಲಗೆಯ ಕುಳಿಗಳಲ್ಲಿ ಆಕಾರಗಳನ್ನು ಕೂರಿಸುವ ಸೆಗ್ವಿನ್ ಪರೀಕ್ಷೆಗೆ ಇಲ್ಲಿನ ಮಕ್ಕಳ ಮಾನದಂಡಗಳನ್ನು ಸಿದ್ಧಪಡಿಸಿದರು, ಬೆಳವಣಿಗೆಯನ್ನು ಬೇಗನೆ ಪರಿಶೀಲಿಸುವ ಸಾಧನವೊಂದನ್ನೂ ರಚಿಸಿದರು. ನಿಮ್ಹಾನ್ಸಿನ ಮಾಳವಿಕಾ ಕಪೂರ್ ಅವರು ಶಾಲೆಗಳಲ್ಲಿ ಶಿಕ್ಷಕರನ್ನೇ ಮಕ್ಕಳ ಮಾನಸಿಕ ಆರೋಗ್ಯದ ಕೆಲಸಕ್ಕೆ ಸಜ್ಜುಗೊಳಿಸುವ ದಾರಿಯಲ್ಲಿ ನಡೆದರು. ಭಾರತೀಯ ಮಕ್ಕಳ ಮಾನಸಿಕ ಆರೋಗ್ಯ ಕುರಿತ ಅವರ ಗ್ರಂಥ 1995ರಲ್ಲಿ ಬಂತು. ಕನ್ನಡದ ಸಾಮಾನ್ಯ ಓದುಗರಿಗೆ ಈ ಅರಿವನ್ನು ತಲುಪಿಸಿದವರನ್ನೂ ನೆನೆಯಬೇಕು. ಕೊರವಂಜಿಯ ರಾಶಿ, ಎಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಮನೋವೈದ್ಯಕೀಯದ ಪುಸ್ತಕವೊಂದು ಸಾಹಿತ್ಯದ ಗೌರವ ಪಡೆದದ್ದು ಕನ್ನಡದ ಅಪೂರ್ವ ಘಟನೆ.

ಈ ವಿದ್ಯೆಯ ಪದಕೋಶವೂ ಈ ಅವಧಿಯಲ್ಲಿ ಹಲವು ಬಾರಿ ಬದಲಾಯಿತು. ಅಮೆರಿಕದ ಮನೋವೈದ್ಯರ ಕೈಪಿಡಿಯ 1968ರ ಆವೃತ್ತಿಯಲ್ಲಿ ಬಾಲ್ಯದ ವರ್ತನೆಯ ತೊಂದರೆಗಳಿಗೆ ಒಂದು ಚಿಕ್ಕ ವಿಭಾಗವಿತ್ತು. ಲಿಯೋ ಕ್ಯಾನರ್ 1943ರಲ್ಲಿಯೇ ಆಟಿಸಂ ಕುರಿತು ಬರೆದಿದ್ದರೂ ಅದಕ್ಕೆ ಪ್ರತ್ಯೇಕ ಸ್ಥಾನ ದೊರೆತದ್ದು 1980ರ ಆವೃತ್ತಿಯಲ್ಲಿ. 2013ರಲ್ಲಿ ಬಾಲ್ಯದ ಪ್ರತ್ಯೇಕ ವಿಭಾಗವನ್ನೇ ತೆಗೆದು, ನರಬೆಳವಣಿಗೆಯ ತೊಡಕುಗಳೆಂಬ ಹೊಸ ಅಧ್ಯಾಯ ಕಟ್ಟಲಾಯಿತು. ಹಳೆಯ ಕನ್ನಡ ಶಾಲೆಯಲ್ಲಿ ಇದ್ದ ಪದಗಳು ಬೇರೆ: ಮೊಂಡ, ಪೆದ್ದ, ಹಟಮಾರಿ, ತುಂಟ, ಸೋಮಾರಿ. ಇವು ಮಗುವಿನ ಮೇಲೆ ಹೊರಿಸಿದ ಆರೋಪಗಳು. ರೋಗದ ಹೆಸರು ಆರೋಪವನ್ನು ಇಳಿಸುತ್ತದೆ, ಇದು ಸಣ್ಣ ಉಪಕಾರವಲ್ಲ. ಸೋಮಾರಿಯೆಂದು ಬೆತ್ತದ ಏಟು ತಿಂದವನಿಗೆ ಓದಿನ ತೊಡಕಿತ್ತೆಂದು ತಿಳಿದರೆ ಏಟು ನಿಲ್ಲುತ್ತದೆ. ಆದರೆ ತುಂಟನೆಂಬ ಪದದಲ್ಲಿ ಒಂದಿಷ್ಟು ಅಕ್ಕರೆಯೂ ಇತ್ತು, ವಯಸ್ಸಾದಂತೆ ಸರಿಹೋದಾನು ಎಂಬ ಭರವಸೆಯೂ ಇತ್ತು. ಕಡತದಲ್ಲಿ ಅಚ್ಚಾದ ಹೆಸರಿಗೆ ಅಷ್ಟು ಸುಲಭವಾಗಿ ವಯಸ್ಸಾಗುವುದಿಲ್ಲ.

ಇಂದಿನ ಸ್ಥಿತಿಗೆ ಬರೋಣ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶಗಳಲ್ಲಿ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಹದಿನಾರು ವರ್ಷದೊಳಗಿನ ಮಕ್ಕಳಲ್ಲಿ ಶೇ. 12.5ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದನ್ನು ಕಂಡಿತು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರ ಪ್ರಮಾಣ ಶೇ. 7.3. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಅಂಗವೈಕಲ್ಯಗಳ ಪಟ್ಟಿಯನ್ನು ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿ, ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ತೊಡಕನ್ನು ಅದರಲ್ಲಿ ಸೇರಿಸಿತು. ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಇಂಥ ಮಕ್ಕಳಿಗೆ ಹೆಚ್ಚುವರಿ ಸಮಯ ಮೊದಲಾದ ರಿಯಾಯಿತಿಗಳು 1990ರ ದಶಕದಿಂದಲೇ ಇವೆ. ಎಂದರೆ ಪ್ರಮಾಣಪತ್ರಕ್ಕೆ ಈಗ ಬೆಲೆಯಿದೆ, ಬೆಲೆಯಿರುವಲ್ಲಿ ಅಳತೆ ಸರಿಯಾಗಿರಬೇಕು.

ನಮ್ಮಂಥ ಕೇಂದ್ರ ಸರ್ಕಾರದ ನೌಕರರ ವಸತಿಗೃಹಗಳಲ್ಲಿ ಈ ಮಾತಿನ ಅರ್ಥ ಬೇಗನೆ ತಿಳಿಯುತ್ತದೆ. ವರ್ಗಾವಣೆಯ ಆದೇಶ ನೌಕರನ ಹೆಸರಿಗೆ ಬರುತ್ತದೆ, ಅದನ್ನು ಪಾಲಿಸುವವರಲ್ಲಿ ಮಕ್ಕಳೂ ಸೇರಿರುತ್ತಾರೆ. ಉತ್ತರ ಕರ್ನಾಟಕದ ಊರಿನಿಂದ ಬಂದ ಸಹೋದ್ಯೋಗಿಯೊಬ್ಬರ ಮಗನ ಸಂಗತಿ ನಮಗೆ ಗೊತ್ತು. ಎರಡನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗನಿಗೆ ಇಲ್ಲಿ ಒಮ್ಮೆಲೇ ಇಂಗ್ಲಿಷ್, ಹಿಂದಿ, ಮರಾಠಿ ಮೂರೂ ಎದುರಾದವು. ಅವನು ಮಾತು ಕಡಿಮೆ ಮಾಡಿದ, ಬರೆಯುವುದನ್ನು ಬಿಟ್ಟ. ಶಾಲೆ ಪರೀಕ್ಷೆ ಮಾಡಿಸಿಕೊಂಡು ಬನ್ನಿರೆಂದಿತು. ಹಿಂದಿಯಲ್ಲಿ ನಡೆದ ಪರೀಕ್ಷೆಯಲ್ಲಿ ಬಂದ ಸಂಖ್ಯೆಯನ್ನು ಕಂಡು ತಾಯಿ ಎರಡು ದಿನ ಊಟ ಬಿಟ್ಟರು. ಬಳಿಕ ಬೇರೊಂದು ಕೇಂದ್ರದಲ್ಲಿ ತರಬೇತಿಯಲ್ಲಿದ್ದ ಹುಡುಗಿಯೊಬ್ಬಳಿಗೆ, ಪುಣ್ಯಕ್ಕೆ, ಕನ್ನಡ ಬರುತ್ತಿತ್ತು. ಆಕೆ ಅವನೊಂದಿಗೆ ಎರಡು ಮಧ್ಯಾಹ್ನ ಬರಿಯ ಮಾತಾಡಿದಳು, ಮಾತು ಬೇಡದ ಆಕಾರದ ಹಲಗೆಗಳನ್ನು ಕೊಟ್ಟು ನೋಡಿದಳು, ಕನ್ನಡದ ಪಾಠವೊಂದನ್ನು ಓದಿಸಿದಳು. ಮಗು ಕನ್ನಡದಲ್ಲಿ ವಯಸ್ಸಿಗೆ ತಕ್ಕಂತೆ ಓದುತ್ತಾನೆ, ಹಿಂದಿನ ಅಂಕವನ್ನು ಅವನ ಸಾಮರ್ಥ್ಯದ ಅಳತೆಯೆಂದು ತಿಳಿಯತಕ್ಕದ್ದಲ್ಲ ಎಂದು ತನ್ನ ಮೇಲ್ವಿಚಾರಕರ ಸಹಿಯೊಡನೆ ಬರೆದಳು. ಆ ಒಂದು ಸಾಲು ಹುಡುಗನನ್ನು ವಿಶೇಷ ತರಗತಿಯಿಂದ ಉಳಿಸಿತು.

ಆ ಹುಡುಗಿಗೆ ಕನ್ನಡ ಬರುತ್ತಿದ್ದುದು ಆಕಸ್ಮಿಕ. ಶಾಸ್ತ್ರ ಆಕಸ್ಮಿಕವನ್ನು ನೆಚ್ಚಿಕೊಂಡಿರಬಾರದು. ಆಶಾದಾಯಕ ಸಂಗತಿಗಳೂ ಇವೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಓದಿನ ತೊಡಕನ್ನು ಗುರುತಿಸಲು ರೂಪಿಸಿದ 'ಡಾಲಿ' ಎಂಬ ಸಾಧನ ಮೊದಲು ಸಿದ್ಧವಾದ ಭಾಷೆಗಳಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್‌ಗಳ ಜೊತೆ ಕನ್ನಡವೂ ಇದೆ. ಕನ್ನಡದ ಬರಹದಲ್ಲಿ ಅಕ್ಷರ, ಕಾಗುಣಿತ, ಒತ್ತಕ್ಷರಗಳ ಕಲಿಕೆ ಇಂಗ್ಲಿಷಿನ ವರ್ಣಮಾಲೆಯ ಕಲಿಕೆಯಂತಲ್ಲ ಎಂಬುದನ್ನು ಪ್ರತಿಭಾ ಕಾರಂತ, ಪ್ರಕಾಶ್ ಪದಕಣ್ಣಾಯ ಮೊದಲಾದ ವಿದ್ವಾಂಸರು ತಮ್ಮ ಸಂಶೋಧನೆಗಳಲ್ಲಿ ವಿವರಿಸಿದ್ದಾರೆ. ಇಂಗ್ಲಿಷಿನ ಓದಿನ ತೊಡಕಿನ ಲಕ್ಷಣಗಳನ್ನು ಕನ್ನಡದ ಮಗುವಿನಲ್ಲಿ ಹುಡುಕಿದರೆ, ಇರುವುದು ಕಾಣದೆ ಹೋದೀತು, ಇಲ್ಲದ್ದು ಕಂಡೀತು.

ಧಾರವಾಡದಲ್ಲಿ ಕಾಮತರು ಕೇಳಿಕೊಂಡ ಪ್ರಶ್ನೆ ಹೀಗೆ ಇನ್ನೂ ಮುಗಿದಿಲ್ಲ. ಅವರ ಪರೀಕ್ಷೆಯ ಪ್ರಶ್ನೆಗಳಿಗೆ ಈಗ ವಯಸ್ಸಾಗಿದೆ, ಆ ಕಾಲದ ಮಕ್ಕಳು ಕಂಡ ಲೋಕ ಇಂದಿನ ಮಕ್ಕಳ ಲೋಕವಲ್ಲ. ಅವರು ತೋರಿದ ಎಚ್ಚರಕ್ಕೆ ಮಾತ್ರ ವಯಸ್ಸಾಗಿಲ್ಲ: ಮಗುವನ್ನು ಅಳೆಯುವ ಮುನ್ನ ಅದು ಯಾವ ನುಡಿಯಲ್ಲಿ ಎಣಿಸುತ್ತದೆಂದು ಕೇಳಬೇಕು. ನಾಗಪಾಡಾದ ಚಿಕಿತ್ಸಾಲಯ ಅದಕ್ಕೆ ಇನ್ನೊಂದನ್ನು ಸೇರಿಸಿತು: ಮಗು ಯಾವ ಮನೆಯಿಂದ ಬಂದಿದೆಯೆಂದು ಹೋಗಿ ನೋಡಬೇಕು. ಬೆಂಗಳೂರು ಮೂರನೆಯದನ್ನು ಸೇರಿಸಿತು: ಇವೆರಡನ್ನೂ ಹಿರಿಯರ ಕಣ್ಣೆದುರು, ಹೊಣೆಯಿಂದ ಕಲಿಯಬೇಕು. ಸ್ನಾತಕೋತ್ತರ ತರಗತಿಯಲ್ಲಿ ಈ ಪತ್ರಿಕೆಯನ್ನು ಓದುವ ಮಕ್ಕಳಿಗೆ ಕ್ಯಾನರ್, ಬಿನೇಯರ ಜೊತೆ ಈ ಮೂರು ಊರುಗಳ ಕತೆಯನ್ನೂ ಹೇಳಬೇಕೆಂಬುದು ನಮ್ಮ ಕೋರಿಕೆ. ಅವರು ಬರೆಯುವ ಪ್ರತಿ ವರದಿಯಲ್ಲಿ ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು, ಮಗುವಿನ ಮನೆಮಾತು ಯಾವುದು ಎಂಬ ಎರಡು ಸಾಲುಗಳು ತಪ್ಪದೆ ಇರಲಿ. ವರದಿಯನ್ನು ಕೈಯಲ್ಲಿ ಹಿಡಿದ ತಂದೆತಾಯಿಯರೂ ಅಂಕವನ್ನು ನೋಡುವ ಮುಂಚೆ ಆ ಎರಡು ಸಾಲುಗಳನ್ನು ಹುಡುಕಲಿ.